ಮೂರನೆಯ ದಿನದ ಫೋಟೋ

ಹಣೆಗಳು, ಬರೀ ಹಣೆಗಳು, ಮಾಸ್ಕಿನ ಮೇಲೆ ಮುಖವೆಂದು ಉಳಿದಿರುವುದು ಅಷ್ಟೇ, ಕುಂಕುಮದ ಹಣೆ, ವಿಭೂತಿ ಎಳೆದ ಹಣೆ, ತಲೆಗೆ ಹಚ್ಚಿದ ಎಣ್ಣೆ ಇಳಿದು ಮಿನುಗುವ ಹಣೆ, ನಾಲ್ಕೇ ತಿಂಗಳಲ್ಲಿ ಕೆಲವು ಹಣೆಗಳ ತುಂಬ ಮೊಡವೆ ಎದ್ದಿವೆ, ಸುಕನ್ಯ ಬಿಳಿ ಪ್ಲಾಸ್ಟಿಕ್ಕಿನ ಗನ್ನನ್ನು ಒಂದೊಂದಕ್ಕೂ ಹಿಡಿದು ಒತ್ತುತ್ತಾಳೆ, ಅದು ಕೀಂ ಎನ್ನುತ್ತದೆ, ತೊಂಬತ್ತೇಳು ಪಾಯಿಂಟ್ ಎರಡು, ಹೋಗು, ತೊಂಬತ್ತಾರು ಪಾಯಿಂಟ್ ಎಂಟು, ಹೋಗು, ಒಪ್ಪಿಗೆ ಪತ್ರ ತಂದಿದೀಯಾ, ಅಪ್ಪಂದೋ ಅಮ್ಮಂದೋ ಸೈನು, ಸರಿ ಹೋಗು. ಆಗಸ್ಟಿನ ಸೋಮವಾರ, ಹಲಸೂರಿನ ಈ ಇಕ್ಕಟ್ಟಾದ ಬೀದಿಯಲ್ಲಿ ಶಾಲೆಯ ಗೇಟಿನಿಂದ ಇಡ್ಲಿ ಹೋಟೆಲಿನವರೆಗೂ ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳ ಸಾಲು, ನೆಲದ ಮೇಲೆ ಬಿಳಿ ಬಣ್ಣದ ವೃತ್ತಗಳು, ಒಂದು ವೃತ್ತಕ್ಕೆ ಒಬ್ಬರು ಎಂದು ಬರೆಸಿದ್ದು, ಒಂದೊಂದರಲ್ಲೂ ಮೂವರು ನಿಂತು ಗುಸುಗುಸು. ಈ ಗನ್ನು ಹಿಡಿಯಬೇಕಾಗಿದ್ದವರು ಪಿ.ಟಿ. ಮೇಷ್ಟ್ರು ಪ್ರೇಮ್‌ಕುಮಾರ್, ಗೇಟಿನ ಕೆಲಸವೆಲ್ಲ ಅವರದೇ, ಏಪ್ರಿಲ್ ಕೊನೆಯಲ್ಲಿ ಹೋಗಿಬಿಟ್ಟರು, ಪುಲಿಕೇಶಿನಗರದ ಅವರ ಮನೆಯ ಹತ್ತಿರ ಯಾರಿಗೂ ಹೋಗಲಾಗಲಿಲ್ಲ, ಸ್ಟಾಫ್ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಗುರುತು ಕಳಿಸಿದರು, ಇವಳೂ ಕಳಿಸಿದಳು, ಕಳಿಸಿ ಕುಕ್ಕರ್ ಇಟ್ಟಳು. ಅಳು ಬರಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ, ಹಲ್ಲು ಕೀಳುವ ಮುಂಚೆ ಡಾಕ್ಟರು ಮರಗಟ್ಟಿಸುತ್ತಾರಲ್ಲ ಹಾಗೆ, ತುಟಿ ಇದೆ ಎಂದು ಕೈಗೆ ಗೊತ್ತು, ತುಟಿಗೆ ಗೊತ್ತಿಲ್ಲ. ಪಕ್ಕದಲ್ಲಿ ಗಣಿತದ ಲಕ್ಷ್ಮಿಕಾಂತ ಒಂದೊಂದು ಅಂಗೈಗೂ ಸ್ಯಾನಿಟೈಸರ್ ಹಾಕುತ್ತಿದ್ದಾರೆ, ಏನ್ ಮೇಡಂ ಎಲ್ರಿಗೂ ನಾರ್ಮಲ್ಲೇ ಬರ್ತಿದೆ, ಗನ್ನು ಕೆಲ್ಸ ಮಾಡ್ತಿದೆಯಾ ಇಲ್ವಾ, ಗೋಡೆಗೆ ಹಿಡಿದು ನೋಡಿ ಒಂದ್ಸಲ ಎಂದರು, ಇವಳು ನಗಬೇಕಾದ ಜಾಗ ಇದು ಎಂದು ತಿಳಿದು ಕಣ್ಣನ್ನು ಸ್ವಲ್ಪ ಕಿರಿದು ಮಾಡಿದಳು, ಮಾಸ್ಕ್ ಇದ್ದರೆ ಅಷ್ಟು ಸಾಕು. ಕೀಂ, ಹೋಗು, ಕೀಂ, ಹೋಗು, ಮತ್ತೆ ಸಾಲಿನ ಕೊನೆಯಲ್ಲಿ, ಇಡ್ಲಿ ಹೋಟೆಲಿನ ಕಟ್ಟೆಯ ಪಕ್ಕ, ಎರಡು ಜಡೆ ಹಾಕಿಕೊಂಡು, ಗೆಳತಿಯರ ಜೊತೆ ಸೇರದೆ ಒಂದು ವೃತ್ತದಲ್ಲಿ ಸರಿಯಾಗಿ ಒಬ್ಬಳೇ ನಿಂತಿರುವುದು ಆದಿಲಕ್ಷ್ಮಿ.

ಬರಬಹುದು ಎಂದು ಗೊತ್ತಿತ್ತು, ಬರದೆ ಎಲ್ಲಿ ಹೋಗುತ್ತಾಳೆ, ಹತ್ತನೇ ಕ್ಲಾಸು. ಆದರೂ ಸಾಲನ್ನು ಎಣಿಸಿದಳು. ಇನ್ನು ಇಪ್ಪತ್ತು ಹಣೆ, ಆಮೇಲೆ ಅವಳ ಹಣೆ. ಮೇ ತಿಂಗಳಲ್ಲಿ ಮೇಷ್ಟ್ರುಗಳಿಗೆಲ್ಲ ಡ್ಯೂಟಿ ಹಾಕಿದರು, ಮನೆಯಲ್ಲೇ ಕೂತು ಫೋನ್ ಮಾಡುವುದು, ದಿನಕ್ಕೆ ನಲವತ್ತು ಹೆಸರು, ಕಾಯಿಲೆ ಬಂದು ಮನೆಯಲ್ಲೇ ಇರುವವರು, ಜ್ವರ ಇದೆಯಾ, ಉಸಿರು ಕಟ್ಟುತ್ತಾ, ಬೆರಳಿಗೆ ಸಿಗಿಸೋ ಮಿಷನ್ನಿನಲ್ಲಿ ಆಕ್ಸಿಜನ್ ಎಷ್ಟು ಬರ್ತಿದೆ, ಹೇಳಿದ್ದನ್ನು ಕಂಪ್ಯೂಟರಿನ ಹಾಳೆಯಲ್ಲಿ ತುಂಬುವುದು, ತೊಂಬತ್ನಾಲ್ಕಕ್ಕಿಂತ ಕಡಿಮೆ ಬಂದರೆ ವಾರ್ಡಿನ ಡಾಕ್ಟರಿಗೆ ತಕ್ಷಣ ಫೋನ್. ಜೀವನ್ ಬಿಮಾ ನಗರದ ಎರಡು ರೂಮಿನ ಮನೆ, ಹಾಲಿನಲ್ಲಿ ಗಂಡ ಶ್ರೀನಾಥ್, ಇನ್ಶೂರೆನ್ಸ್ ಆಫೀಸಿನವನು, ಅವನದೂ ಫೋನೇ, ತೀರಿಕೊಂಡವರ ಮನೆಯವರು ಕ್ಲೇಮಿಗಾಗಿ ಮಾಡುವ ಫೋನು, ಇವಳು ಅಡುಗೆಮನೆಯ ಕಿಟಕಿ ಹತ್ತಿರ ಸ್ಟೂಲು ಹಾಕಿಕೊಂಡು, ನಮಸ್ಕಾರ ಹೋಮ್ ಐಸೊಲೇಷನ್ ಟೀಮಿಂದ ಮಾತಾಡ್ತಿದೀನಿ, ಕೆಲವರು ಬೈಯುತ್ತಿದ್ದರು, ಕೆಲವರು ಬೆಡ್ ಕೊಡಿಸಿ ತಾಯಿ ಎಂದು ಅಳುತ್ತಿದ್ದರು, ಕೆಲವು ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿದ್ದವು. ಮೂರನೇ ವಾರದಲ್ಲಿ ಒಂದು ದಿನ ಇಪ್ಪತ್ತೆರಡನೇ ಸಾಲು, ರಾಮಲಕ್ಷ್ಮಮ್ಮ, ಅರವತ್ತೇಳು, ಬೈಯಪ್ಪನಹಳ್ಳಿ, ನಂಬರು ಒತ್ತಿದ ಕೂಡಲೇ ಫೋನಿನ ಮೇಲೆ ತಾನಾಗಿಯೇ ಹೆಸರು ಬಂತು, ಆದಿಲಕ್ಷ್ಮಿ ಒಂಬತ್ತು ಬಿ. ಆ ನಂಬರಿಗೆ ಇವಳು ಎಷ್ಟು ಮೆಸೇಜು ಕಳಿಸಿದ್ದಳು, ವಿಡಿಯೋ ಆನ್ ಮಾಡು, ನೋಟ್ಸ್ ಯಾಕೆ ಕಳಿಸಿಲ್ಲ, ಕ್ಲಾಸಿಗೆ ಬಾರದಿದ್ದರೆ ಹಾಜರಿ ಇಲ್ಲ. ಮಿಸ್, ಎಂದಿತು ಆ ಕಡೆಯ ಧ್ವನಿ, ಹೆದರಿಕೊಂಡು, ಮಿಸ್ ನೋಟ್ಸ್ ಬರೀತಿದೀನಿ, ಅಮ್ಮಂಗೆ ಪಾಸಿಟಿವ್ ಬಂದು ಕರ್ಕೊಂಡ್ ಹೋಗವ್ರೆ, ಇಲ್ಲಿ ಅಜ್ಜಿಗೂ ಬಂದಿದೆ, ನಾನೊಬ್ಳೇ ಇದೀನಿ. ಅಮ್ಮ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ಕ್ಲೀನಿಂಗ್ ಕೆಲಸದವಳು, ಅಪ್ಪ ಇಲ್ಲ, ಹೋಗಿ ಆರು ವರ್ಷ. ನೋಟ್ಸ್ ಬೇಡ ಕಣೇ, ಅದೆಲ್ಲ ಬಿಡು, ಅಜ್ಜಿ ಹೇಗಿದಾರೆ ಹೇಳು ಎಂದಿದ್ದಳು ಸುಕನ್ಯ, ಆ ಬೆಳಗಿನಲ್ಲಿ ಮೊದಲ ಸಲ ಹಾಳೆಯ ಆಚೆ ಮನುಷ್ಯರಿದ್ದಾರೆ ಅನಿಸಿತ್ತು.

ಮಿಷನ್ನು ಬೀದಿಗೆಲ್ಲ ಒಂದೇ, ಪಕ್ಕದ ಮನೆಯ ನಜೀರ್ ತಂದದ್ದು, ಮಸೀದಿಯ ಹುಡುಗರಿಂದ ಇಸಿದುಕೊಂಡು ಮನೆಮನೆಗೆ ಕೊಡುತ್ತಿದ್ದ, ಸ್ಯಾನಿಟೈಸರ್ ಹಾಕಿ ಹಾಕಿ ಬಣ್ಣ ಹೋಗಿತ್ತಂತೆ, ನಾಡಿ ತೋರಿಸುವ ಅರ್ಧ ಕತ್ತಲು, ಆಕ್ಸಿಜನ್ನಿನ ಎರಡು ಅಂಕಿ ಮಾತ್ರ ಕೆಂಪಗೆ ಉರಿಯುತ್ತಿತ್ತು. ಮಿಸ್ ತೊಂಬತ್ತಾರು. ಒಳ್ಳೇದು. ಮಾರನೇ ದಿನವೂ ತೊಂಬತ್ತಾರು. ಅವತ್ತು ಅಜ್ಜಿ ಫೋನು ಇಸಿದುಕೊಂಡು ತಾನೇ ಮಾತಾಡಿತು, ಏನ್ ಮಿಸ್ಸಮ್ಮ ಊಟ ಆಯ್ತಾ, ದಿನಾ ಫೋನ್ ಮಾಡ್ತೀಯಂತೆ, ನಿನ್ ಮನೇಲೆಲ್ಲ ಎಂಗವ್ರೆ, ನಂಗೇನಾಗಿಲ್ಲ ಕಣವ್ವ, ಬಾಯಿಗೆ ರುಚಿ ಇಲ್ಲ ಅಷ್ಟೇ, ಈ ಮಗಿಗೆ ಒಸಿ ಓದಕ್ ಏಳು, ಮಿಷಿನ್ ಇಟ್ಕಂಡು ನನ್ ಮುಂದೇನೇ ಕುಂತವ್ಳೆ ಒಳ್ಳೆ ಡಾಕ್ಟ್ರಮ್ಮನಂಗೆ. ಮೆಟ್ರೋ ಡಿಪೋ ಬರೋ ಮುಂಚೆ ಅಲ್ಲೇ ಹತ್ತಿರದಲ್ಲಿ ಸೊಪ್ಪು ಬೆಳೀತಿದ್ವಿ, ದಂಟು, ಕೊತ್ತಂಬರಿ, ತಲೆ ಮೇಲೆ ಹೊತ್ಕಂಡು ಹಲಸೂರು ಮಾರ್ಕೆಟ್‌ಗೆ ನಡ್ಕಂಡೇ ಬರ್ತಿದ್ದೆ, ನಿಮ್ ಸ್ಕೂಲ್ ಮುಂದೆ ಕುಂತು ನೀರು ಕುಡೀತಿದ್ದೆ, ಅದಕ್ಕೇ ಈ ಮಗೀನ ಅಲ್ಲೇ ಸೇರ್ಸಿದ್ದು ಎಂದಿತು. ಹದಿನೆಂಟು ಹೆಸರು ಬಾಕಿ ಇದ್ದವು, ಇವಳು ಹ್ಞೂಂ ಹ್ಞೂಂ ಎನ್ನುತ್ತ ಮುಂದಿನ ನಂಬರಿನ ಕಡೆ ನೋಡುತ್ತಿದ್ದಳು, ಆದರೂ ಕೇಳಿಸಿಕೊಂಡಿದ್ದಳು, ಇಲ್ಲದಿದ್ದರೆ ಇಷ್ಟು ಚೆನ್ನಾಗಿ ಹೇಗೆ ನೆನಪಿರುತ್ತದೆ. ಮೂರನೇ ದಿನ ಮೇಲಿನವರಿಂದ ಹೊಸ ಆರ್ಡರು, ಬಾಯಿಮಾತು ಸಾಲದು, ಮಿಷನ್ನಿನ ಫೋಟೋ ತರಿಸಿಕೊಳ್ಳಿ. ಅಜ್ಜಿ ಏನ್ ಮಾಡ್ತಿದಾರೆ. ಮಲಗವ್ರೆ ಮಿಸ್, ರಾತ್ರಿ ನಿದ್ದೆ ಇಲ್ಲ, ಈಗ ಮಲಗವ್ರೆ. ಎಷ್ಟಿದೆ. ತೊಂಬತ್ತೆಂಟು ಮಿಸ್, ಜಾಸ್ತಿ ಆಗಿದೆ. ಆ ಜಾಸ್ತಿ ಎನ್ನುವಾಗಿನ ಧ್ವನಿ, ಮಾರ್ಕ್ಸು ಜಾಸ್ತಿ ಬಂದಾಗಿನ ಧ್ವನಿ. ಫೋಟೋ ಕಳಿಸು ಎಂದಳು, ಬಂತು, ಚಾಪೆಯ ಮೇಲೆ ಒಂದು ಕೈ, ತೋರುಬೆರಳಿಗೆ ಮಿಷನ್ನು, ಕೆಂಪಗೆ ತೊಂಬತ್ತೆಂಟು. ಹಾಳೆಯಲ್ಲಿ ತುಂಬಿದಳು, ಹುಡುಗಿಗೆ ವೆರಿ ಗುಡ್ ಎಂದು ಬರೆದು ಹೆಬ್ಬೆರಳಿನ ಗುರುತು ಕಳಿಸಿದಳು, ಹೋಮ್‌ವರ್ಕಿಗೆ ಕಳಿಸುವುದು ಅದನ್ನೇ, ಬೆರಳಿಗೆ ರೂಢಿ. ನಾಲ್ಕನೇ ದಿನ ಹತ್ತು ಗಂಟೆಗೆ ಫೋನು ಎತ್ತಿದ್ದು ಗಂಡಸಿನ ಧ್ವನಿ, ಮೇಡಂ ನಾನು ನಜೀರ್, ಪಕ್ಕದ ಮನೆ, ಅಮ್ಮ ಬೆಳಿಗ್ಗೆ ಹೋಗ್ಬಿಟ್ರು ಮೇಡಂ, ಆಂಬುಲೆನ್ಸ್‌ಗೆ ಹಾಕೋಕೆ ಮುಂಚೆನೇ, ಮಗು ನಮ್ ಮನೇಲಿದೆ, ನಮ್ ಹೆಂಗಸ್ರು ನೋಡ್ಕೊತಾವ್ರೆ, ನೀವು ಅದ್ರ ಕೈಲಿ ಈಗ ಮಾತಾಡ್ಬೇಡಿ. ಹಾಳೆಯಲ್ಲಿ ಸ್ಥಿತಿ ಎನ್ನುವ ಕಡೆ ಒತ್ತಿದರೆ ಮೂರು ಆಯ್ಕೆ ಬಿಚ್ಚಿಕೊಳ್ಳುತ್ತಿತ್ತು, ಗುಣಮುಖ, ಆಸ್ಪತ್ರೆಗೆ ದಾಖಲು, ಮರಣ, ಮೂರನೆಯದನ್ನು ಒತ್ತಿದಳು, ಇಪ್ಪತ್ತೆರಡನೇ ಸಾಲು ಬೂದಿ ಬಣ್ಣಕ್ಕೆ ತಿರುಗಿತು, ಇಪ್ಪತ್ತಮೂರಕ್ಕೆ ಫೋನ್ ಮಾಡಿದಳು, ನಮಸ್ಕಾರ ಹೋಮ್ ಐಸೊಲೇಷನ್ ಟೀಮಿಂದ.

ಮೇಡಂ ಮುಂದಕ್ಕೆ ಬಿಡಿ, ಎಂದರು ಲಕ್ಷ್ಮಿಕಾಂತ, ಒಂದು ಹಣೆಗೆ ಗನ್ನು ಹಿಡಿದು ಒತ್ತುವುದನ್ನು ಮರೆತಿದ್ದಳು. ಒತ್ತಿದಳು. ಹೋಗು, ಹೋಗು, ಹೋಗು, ಈಗ ಮುಂದಿರುವುದು ಆ ಹಣೆ, ಒಂದು ಪುಟ್ಟ ಕಪ್ಪು ಚುಕ್ಕೆಯ ಬಿಂದಿ, ಕಣ್ಣು ಇವಳನ್ನೇ ನೋಡುತ್ತಿದೆ, ಹುಡುಗಿ ಉದ್ದ ಆಗಿದ್ದಾಳೆ, ಸ್ಕರ್ಟು ಮೊಣಕಾಲಿನ ಮೇಲಕ್ಕೆ ಹೋಗಿದೆ. ತೊಂಬತ್ತೇಳು ಪಾಯಿಂಟ್ ನಾಲ್ಕು. ಅಮ್ಮ ಹೇಗಿದಾರೆ. ಚೆನ್ನಾಗವ್ರೆ ಮಿಸ್, ಕೆಲ್ಸಕ್ಕೆ ಹೋಗ್ತಾವ್ರೆ, ಉಬ್ಬಸ ಬರುತ್ತೆ ಮೆಟ್ಲು ಹತ್ತಿದ್ರೆ. ಒಪ್ಪಿಗೆ ಪತ್ರದ ಕೆಳಗೆ ಅಮ್ಮನ ಸಹಿ, ಸೊಟ್ಟ ಅಕ್ಷರ, ಪೋಷಕರು ಎಂಬಲ್ಲಿ ಎರಡು ಗೆರೆ ಇದ್ದವು, ಒಂದು ಖಾಲಿ. ಮಿಸ್ ಬೆಲ್ಲಾದ್ಮೇಲೆ ನಿಮ್ ಹತ್ರ ಮಾತಾಡ್ಬೇಕು, ಎಂದಳು ಆದಿಲಕ್ಷ್ಮಿ, ತುಂಬ ಮೆಲ್ಲಗೆ, ಇವಳು ಆಯ್ತು ಎಂದಳು, ಗೇಟಿನ ಒಳಗೆ ಹೋಗುವ ಎರಡು ಜಡೆಗಳ ಬೆನ್ನು. ಗೊತ್ತಾಗಿದೆ, ಎಂದಿತು ಒಳಗೆ ಒಂದು ಧ್ವನಿ, ಗೊತ್ತಾಗಿರದೆ ಏನು, ಹತ್ತನೇ ಕ್ಲಾಸಿನ ಹುಡುಗಿ, ಆ ಮಿಷನ್ನು ಆಮೇಲೆ ಎಷ್ಟು ಸಲ ನೋಡಿಲ್ಲ, ಯಾವ ಕಡೆಯಿಂದ ಓದಬೇಕು ಎಂದು ಯಾರಾದರೂ ಹೇಳಿರುತ್ತಾರೆ, ಇವಳ ಮುಂದೆ ನಿಂತು ಕೇಳುತ್ತಾಳೆ, ಮಿಸ್ ನೀವ್ಯಾಕೆ ನೋಡ್ಲಿಲ್ಲ.

ತರಗತಿಯಲ್ಲಿ ಬೆಂಚಿಗೆ ಇಬ್ಬರಂತೆ ಕೂರಿಸಿ ಹಾಜರಿ ಕೂಗಿದಳು, ಯೆಸ್ ಮಿಸ್, ಯೆಸ್ ಮಿಸ್, ಮಾಸ್ಕಿನ ಒಳಗಿಂದ ಬರುವ ಒಂದೇ ಥರದ ಸದ್ದು, ಯಾರದೆಂದು ತಿಳಿಯದು, ಸಂಧಿ ಎಂದರೇನು ಎಂದು ಬೋರ್ಡಿನ ಮೇಲೆ ಬರೆದಳು, ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದು, ಸೀಮೆಸುಣ್ಣ ಹಿಡಿದ ಕೈ ತನ್ನಷ್ಟಕ್ಕೆ ಬರೆಯುತ್ತಿತ್ತು, ಇಪ್ಪತ್ತೊಂದು ವರ್ಷ ಬರೆದ ಕೈ, ಅದಕ್ಕೆ ಇವಳು ಬೇಕಿಲ್ಲ. ಜೂನಿನಲ್ಲಿ ಫೋನಿನ ಹೊಟ್ಟೆ ತುಂಬಿ ಹೋಗಿತ್ತು, ಜಾಗವಿಲ್ಲ ಜಾಗವಿಲ್ಲ ಎಂದು ದಿನಾ ಹೇಳುತ್ತಿತ್ತು, ಒಂದು ಮಧ್ಯಾಹ್ನ ಬೇಳೆ ಬೇಯಲು ಇಟ್ಟು ಫೋಟೋಗಳನ್ನು ಅಳಿಸುತ್ತಾ ಕೂತಳು, ಮಕ್ಕಳ ನೋಟ್ಸು, ಯಾರುಯಾರದೋ ಬೆರಳುಗಳು, ಬೆರಳು, ನೋಟ್ಸು, ಬೆರಳು, ಆ ಕೈ ಬಂದಾಗ ಮಾತ್ರ ನಿಂತಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಎಲೆ ಅಡಿಕೆಯ ಸುಣ್ಣ, ಸೊಪ್ಪು ಕಿತ್ತು ಕಿತ್ತು ಕಪ್ಪಾದ ಗೆರೆಗಳು, ಬೆರಳುಗಳು ಫೋಟೋ ತೆಗೆದವಳ ಕಡೆಗೆ ಚಾಚಿಕೊಂಡಿವೆ, ಏನೋ ಕೊಡು ಎನ್ನುವ ಹಾಗೆ, ನೋಡಲೆಂದು ಎರಡು ಬೆರಳಿನಿಂದ ಹಿಗ್ಗಿಸಿದಳು, ಮಿಷನ್ನಿನ ಅಂಚಿನಲ್ಲಿ ಅಳಿಸಿದಂತಿದ್ದ ಇಂಗ್ಲಿಷ್ ಅಕ್ಷರಗಳು ಕಂಡವು, ಕಾಲು ಮೇಲೆ ಮಾಡಿ ನಿಂತ ಅಕ್ಷರಗಳು. ಅಕ್ಷರ ಕಲಿಸುವವಳು, ಅಕ್ಷರ ತಲೆಕೆಳಗಾದರೆ ಕಣ್ಣಿಗೆ ಚುಚ್ಚಬೇಕಾಗಿತ್ತು. ಹುಡುಗಿ ಅಜ್ಜಿಯ ಎದುರಿಗೆ ಕೂತಿದ್ದಳು, ಮಿಷಿನ್ ಇಟ್ಕಂಡು ನನ್ ಮುಂದೇನೇ ಕುಂತವ್ಳೆ, ಮಿಷನ್ನು ಓದಬೇಕಾಗಿದ್ದದ್ದು ಅಜ್ಜಿಯ ಕಡೆಯಿಂದ. ಫೋನನ್ನು ಮೆಲ್ಲಗೆ ತಿರುಗಿಸಿದಳು, ಒಂಬತ್ತು ಆರಾಯಿತು, ಎಂಟು ಎಂಟೇ, ಎಂಬತ್ತಾರು. ಆಮೇಲೆ ಒಂದು ಚೀಟಿಯ ಮೇಲೆ ತೊಂಬತ್ತಾರು ಎಂದು ಅಂಕಿಯಲ್ಲಿ ಬರೆದು ಅದನ್ನೂ ತಿರುಗಿಸಿ ನೋಡಿದಳು, ತೊಂಬತ್ತಾರೇ, ಹೇಗೆ ತಿರುಗಿಸಿದರೂ ತೊಂಬತ್ತಾರೇ, ಅಂದರೆ ಮೊದಲೆರಡು ದಿನ ಸರಿ ಇತ್ತು, ಮೂರನೇ ದಿನ ಬೆಳಿಗ್ಗೆ ಇಳಿದಿತ್ತು, ಹುಡುಗಿ ಜಾಸ್ತಿ ಆಗಿದೆ ಎಂದಳು, ಇವಳು ವೆರಿ ಗುಡ್ ಎಂದಳು. ಬೇಳೆ ತಳ ಹಿಡಿದ ವಾಸನೆಗೆ ಶ್ರೀನಾಥ್ ಎದ್ದು ಬಂದು ಒಲೆ ಆರಿಸಿದ, ಏನಾಯ್ತೇ ಎಂದ, ತೋರಿಸಿದಳು, ತಿರುಗಿಸಿಯೂ ತೋರಿಸಿದಳು, ಅವನು ತುಂಬ ಹೊತ್ತು ನೋಡಿದ.

ಅವನು ಕೆಟ್ಟವನಲ್ಲ, ದಿನವಿಡೀ ಸಾವಿನ ಕಾಗದ ನೋಡುವವನು, ತೂಕವಾಗಿ ಮಾತಾಡುತ್ತಾನೆ. ಎಂಬತ್ತಾರು ಅಂತ ಗೊತ್ತಾಗಿದ್ರೆ ಏನ್ ಮಾಡ್ತಿದ್ದೆ ಎಂದ. ಡಾಕ್ಟರಿಗೆ ಫೋನ್. ಅವ್ರು ಎತ್ತುತಿದ್ರಾ, ಆ ವಾರದಲ್ಲಿ ಬೆಡ್ ಎಲ್ಲಿತ್ತು ಸುಕನ್ಯ, ನಮ್ಮ ಮ್ಯಾನೇಜರ್ ಮಾವನಿಗೇ ಎರಡು ದಿನ ಸಿಗ್ಲಿಲ್ಲ. ಗೊತ್ತಿಲ್ಲ, ಎಂದಳು. ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಅಜ್ಜಿ ಹೋದದ್ದರ ಹಿಂದಿನ ಸೋಮವಾರ ಕಗ್ಗದಾಸಪುರದ ಒಬ್ಬರಿಗೆ ಸಿಕ್ಕಿತ್ತು, ಹನ್ನೊಂದು ಫೋನು ಮಾಡಿ ಇವಳೇ ಕೊಡಿಸಿದ್ದಳು, ಅವರು ಬದುಕಿದ್ದಾರೆ, ಮೊನ್ನೆ ಹಬ್ಬಕ್ಕೆ ಶುಭಾಶಯ ಕಳಿಸಿದರು. ಆ ಹುಡುಗಿಗೆ ಹೇಳ್ಬೇಕು ಎಂದಳು, ತಪ್ಪು ಅವಳದಲ್ಲ, ನೋಡಬೇಕಾಗಿದ್ದದ್ದು ನಾನು ಅಂತ ಹೇಳ್ಬೇಕು. ಶ್ರೀನಾಥ್ ಹತ್ತಿದ ಪಾತ್ರೆಗೆ ನೀರು ಬಿಡುತ್ತಾ, ತಪ್ಪು ನಿಂದೇ ಅಂತ ನೀನು ಹೇಳ್ತೀಯ, ಅವ್ಳಿಗೆ ಕೇಳ್ಸೋದು ತಾನು ತಪ್ಪು ಓದಿದೆ ಅನ್ನೋದೊಂದೇ, ಹೇಳಿದ್ರೆ ನಿಂಗೆ ಹಗುರ ಆಗುತ್ತೆ, ಹದಿನೈದು ವರ್ಷದ ಮಗು ಅದನ್ನ ಹೊತ್ಕೊಂಡು ಎಲ್ಲಿಗೆ ಹೋಗುತ್ತೆ, ಅಳಿಸ್ಬಿಡು ಅದನ್ನ ಎಂದ. ಸರಿ ಎಂದಳು. ಅಳಿಸಲಿಲ್ಲ. ನೋಡಲೂ ಇಲ್ಲ. ಜುಲೈಯೆಲ್ಲ ಫೋನು ಜಾಗವಿಲ್ಲ ಎಂದು ಹೇಳುತ್ತಲೇ ಇತ್ತು, ಮಗಳ ಹಳೆಯ ಡ್ಯಾನ್ಸ್ ವಿಡಿಯೋ ಅಳಿಸಿದಳು, ಮುನ್ನಾರ್ ಪ್ರವಾಸದ್ದು ಅಳಿಸಿದಳು. ಆದೇಶ ಸಂಧಿಗೆ ಉದಾಹರಣೆ ಯಾರು ಹೇಳ್ತೀರಿ, ಎಂದು ಈಗ ತಾನು ಕೇಳುತ್ತಿರುವುದು ಕೇಳಿಸಿತು, ಮೂರನೇ ಬೆಂಚಿನಲ್ಲಿ ಆದಿಲಕ್ಷ್ಮಿ ಕೈ ಎತ್ತಿದ್ದಾಳೆ, ಮಳೆ ಮತ್ತೆ ಕಾಲ, ಮಳೆಗಾಲ ಮಿಸ್, ವೆರಿ ಗುಡ್ ಎನ್ನಲು ಹೊರಟ ನಾಲಿಗೆ ಹಲ್ಲಿನ ಹಿಂದೆಯೇ ನಿಂತಿತು, ಸರಿ ಕೂತ್ಕೋ ಎಂದಳು.

ಬೆಲ್ಲು. ಸ್ಟಾಫ್ ರೂಮಿನಲ್ಲಿ ಇವಳೊಬ್ಬಳೇ, ಉಳಿದವರು ಹಾಲಿನ ಪುಡಿ ಹಂಚುವುದು ನೋಡಲು ಕೆಳಗೆ ಹೋಗಿದ್ದಾರೆ, ಮೇಲೆ ಮೆಟ್ರೋ ಹೋದಾಗ ಕಿಟಕಿಯ ಗಾಜು ಸಣ್ಣಗೆ ನಡುಗಿತು, ಬೈಯಪ್ಪನಹಳ್ಳಿಯ ಕಡೆಗೆ ಹೋಗುವುದು. ಒಳಗೆ ಬರ್ಲಾ ಮಿಸ್, ಎಂದಳು ಆದಿಲಕ್ಷ್ಮಿ, ಬಂದು ಮೇಜಿನ ಆ ಕಡೆ ನಿಂತಳು, ಕೂತ್ಕೋ ಎಂದರೆ ಕೂರಲಿಲ್ಲ. ಹೇಳು. ಮಿಸ್ ನಮ್ ಫೋನು ಹಾಳಾಗಿತ್ತು, ನಜೀರಣ್ಣ ಶಿವಾಜಿನಗರಕ್ಕೆ ತಗೊಂಡ್ ಹೋಗಿ ರಿಪೇರಿ ಮಾಡ್ಸ್ಕೊಂಡ್ ಬಂದ್ರು, ಸರಿ ಹೋಯ್ತು, ಆದ್ರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗಿದೆ. ನೋಟ್ಸ್ ಬೇಕಾ, ಎಂದಳು ಸುಕನ್ಯ, ನೋಟ್ಸೇ ಇರಲಿ ಎಂದು ಬೇಡಿಕೊಳ್ಳುವವಳ ಹಾಗೆ. ಅಲ್ಲ ಮಿಸ್, ಅಜ್ಜಿ ಕೈ ಫೋಟೋ, ನಿಮ್ಗೆ ಕಳ್ಸಿದ್ನಲ್ಲ, ಅದು. ಅಜ್ಜಿ ಫೋಟೋ ಬೇರೆ ಒಂದೂ ಇಲ್ಲ, ಯಾವತ್ತೂ ತೆಗ್ಸ್ಕೊಳ್ತಾ ಇರ್ಲಿಲ್ಲ, ಆಯಸ್ಸು ಕಮ್ಮಿ ಆಗುತ್ತೆ ಅನ್ನೋರು, ಆಧಾರ್ ಕಾರ್ಡ್‌ದು ಅಳಿಸೋಗಿದೆ, ಗೋಡೆ ಮೇಲೆ ಹಾಕಕ್ಕೆ ಅಮ್ಮ ಕೇಳ್ತು, ಮುಖ ಇಲ್ದಿದ್ರೂ ಪರ್ವಾಗಿಲ್ಲ ಕೈನಾದ್ರೂ ಇರ್ಲಿ ಅಂತು. ನಿಮ್ ಹತ್ರ ಇದೆಯಾ ಮಿಸ್, ಅಳ್ಸಿಬಿಟ್ರಾ.

ಅಳಿಸಿದೀನಿ ಎಂದರೆ ಮುಗಿಯಿತು, ಒಂದು ಮಾತು, ಶ್ರೀನಾಥ್ ಹೇಳಿದ ಮಾತೇ, ಸುಳ್ಳೂ ಅಲ್ಲದ ಸುಳ್ಳು, ಸಂಜೆ ಮನೆಗೆ ಹೋಗಿ ಅಳಿಸಿದರೆ ನಿಜವೇ ಆಗುತ್ತದೆ. ಕೈ ಬ್ಯಾಗಿನೊಳಗೆ ಹೋಗಿತ್ತು. ಇದೆ, ಎಂದಳು. ತೆರೆದಳು, ಬೇಗ ಸಿಕ್ಕಿತು, ಮಿಷನ್ನನ್ನು ಕತ್ತರಿಸಿ ಬರೀ ಕೈ ಕಳಿಸೋಣ ಎಂದು ಅಂಚನ್ನು ಹಿಡಿದು ಎಳೆದು ನೋಡಿದಳು, ಅಂಕಿ ಹೋಗಬೇಕೆಂದರೆ ತೋರುಬೆರಳೂ ಹೋಗುತ್ತದೆ, ಬೆರಳಿಲ್ಲದ ಅಜ್ಜಿಯ ಕೈ, ಅದನ್ನು ಯಾವ ಗೋಡೆಗೆ ಹಾಕುತ್ತಾರೆ, ಬಿಟ್ಟಳು, ಅಂಚು ತನ್ನ ಜಾಗಕ್ಕೆ ವಾಪಸು ಹೋಯಿತು. ಕಳಿಸಿದಳು, ಇದ್ದ ಹಾಗೆ. ಒಂದು ಟಿಕ್ಕು, ಹುಡುಗಿಯ ಫೋನು ಮನೆಯಲ್ಲಿ ಆಫಾಗಿದೆ. ಅದೇನಾ ನೋಡ್ಲಾ ಮಿಸ್, ಎಂದಳು ಆದಿಲಕ್ಷ್ಮಿ, ಸುಕನ್ಯ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅವಳ ಕಡೆಗೆ ತಿರುಗಿಸಿ ತಳ್ಳಿದಳು, ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಬಗ್ಗಿದಳು, ಮುಟ್ಟಿದರೆ ಏನಾದರೂ ಆಗಿಬಿಡುತ್ತದೆ ಎನ್ನುವ ಹಾಗೆ. ತೊಂಬತ್ತೆಂಟು ಇತ್ತು ಅಲ್ವಾ ಮಿಸ್, ಅಷ್ಟು ಚೆನ್ನಾಗಿತ್ತು, ಆಮೇಲೆ ಏನಾಯ್ತೋ. ಅವತ್ತು ಬರ್ಕೊಂಡೋಳು ನಾನು ಆದಿ, ಎಂದಳು ಸುಕನ್ಯ, ಸರಿಯಾಗಿ ನೋಡ್ಬೇಕಾಗಿದ್ದೋಳು ನಾನು. ಹುಡುಗಿ ತಲೆ ಎತ್ತಲಿಲ್ಲ, ಹ್ಞೂಂ ಮಿಸ್, ನಾನು ಹೇಳ್ದೆ ನೀವು ಬರ್ಕೊಂಡ್ರಿ, ಎಂದಳು, ಮಾಸ್ಕು ಒಳಗೆ ಹೋಗಿ ಹೊರಗೆ ಬಂತು, ಇನ್ನೇನಾದರೂ ಹೇಳಬೇಕು, ಈಗಲೇ, ಇಲ್ಲವೇ ಹೇಳಲೇಬಾರದು, ಬಾಯಿಯ ಒಳಗೆ ಆ ಮರಗಟ್ಟುವಿಕೆ, ನಾಲಿಗೆ ಇದೆ ಎಂದು ಗೊತ್ತು ಅಷ್ಟೇ, ಮೇಜಿನ ಮೇಲೆ ಕೈ, ಮೊಣಕೈಯ ಕಡೆ ಸುಕನ್ಯಳ ಹೊಟ್ಟೆಗೆ ತಾಗುವಂತಿದೆ, ಬೆರಳುಗಳು ಹುಡುಗಿಯ ಕಡೆಗೆ ಚಾಚಿವೆ, ತಾನು ಕೂತಿರುವುದು ಅಜ್ಜಿಯ ಜಾಗದಲ್ಲಿ, ತನ್ನ ಕೈಯನ್ನೇ ಚಾಚಿದ ಹಾಗೆ, ಬೆರಳಿನ ಮೇಲೆ ಕೆಂಪಗೆ ಎರಡು ಅಂಕಿ, ಹುಡುಗಿ ಆ ಕಡೆಯಿಂದ ನೋಡುತ್ತಿದ್ದಾಳೆ, ಸುಕನ್ಯ ಈ ಕಡೆಯಿಂದ ನೋಡುತ್ತಿದ್ದಾಳೆ, ಈ ಕಡೆಯಿಂದ ಎಂಬತ್ತಾರು, ಫೋನಿನ ಬೆಳಕು ಮಂಕಾಯಿತು, ಆರಿಹೋಗದಿರಲಿ ಎಂದು ಹುಡುಗಿ ಒಂದೇ ಒಂದು ಬೆರಳು ಚಾಚಿ ಮುಟ್ಟಿದಳು, ಮತ್ತೆ ಹೊತ್ತಿಕೊಂಡಿತು, ಎಂಬತ್ತಾರು, ಎಂಬತ್ತಾರು,